ನನ್ನ ಬರಹಕ್ಕೆ ನನ್ನ ದನಿ ಬಂದದ್ದು ಹೀಗೆ

ನನ್ನ ಗಿಡಗಳ ಬಗ್ಗೆ ಮಾತಾಡುವಾಗ ಸಲೀಸಾಗಿ ಹೇಳುತ್ತಿದ್ದ ವಿಷಯವೇ ಬರೆಯಲು ಕೂತರೆ ಕಚೇರಿಯ ಸುತ್ತೋಲೆಯಂತೆ ಆಗುತ್ತಿತ್ತು. ಇದಕ್ಕೆ ಉಪಯೋಗಕ್ಕೆ ಬಂದದ್ದು ಫೋನಿನ ರೆಕಾರ್ಡರ್. ಮೊದಲು ಗೆಳತಿಗೆ ಹೇಳುವಂತೆ ಎಲ್ಲವನ್ನೂ ಹೇಳಿ ರೆಕಾರ್ಡ್ ಮಾಡಿಕೊಂಡೆ. ಆಮೇಲೆ ಕೇಳಿಸಿಕೊಂಡು ಟೈಪ್ ಮಾಡಿದೆ. ತೊದಲಿದ್ದನ್ನು ತೆಗೆದೆ, ಮಾತಿನ ಓಟ ಮುಟ್ಟಲಿಲ್ಲ.

ಹಳೆಯ ಕರಡಿನ ಪಕ್ಕ ಇಟ್ಟು ನೋಡಿದರೆ ಕ್ರಿಯಾಪದದಲ್ಲೇ ದೊಡ್ಡ ವ್ಯತ್ಯಾಸ. ಕರಡಿನಲ್ಲಿ 'ಗಿಡಕ್ಕೆ ಸಂಜೆ ನೀರು ಹಾಕಲಾಗುತ್ತದೆ' ಎಂದಿತ್ತು. ಹಾಕುವವರು ಯಾರು? ಮಾತಿನಲ್ಲಿ 'ಸಂಜೆ ನೀರು ಹಾಕ್ತೀನಿ, ಬೆಳಿಗ್ಗೆ ಎಲೆ ನೆಟ್ಟಗಾಗಿರುತ್ತೆ' ಅಂದಿದ್ದೆ. ಮನುಷ್ಯರು ಕಾಣುವುದು ಇದರಲ್ಲೇ. 'ಹಾಕ್ತೀನಿ' ಅಂದರೆ ಯಾರೆಂದು ಗೊತ್ತಾಗುತ್ತದೆ, ಸಾಲಿಗೊಂದು 'ನಾನು' ಬೇಕಿಲ್ಲ. ಅದು ಜಾಸ್ತಿಯಾದರೆ ಜಂಬ ಅನ್ನಿಸುತ್ತದೆ, ಅಲ್ವಾ?

'ಓದುಗರು' ಇದ್ದ ಕಡೆ 'ನೀವು' ಹಾಕಿದೆ. 'ಅದ್ಭುತ' ಇದ್ದ ಕಡೆ ಕಣ್ಣಿಗೆ ಕಂಡದ್ದನ್ನು ಬರೆದೆ. ಸುಮ್ನೆ ತಮಾಷೆ ತುರುಕುವುದು ಬಿಟ್ಟೆ. (ತುರುಕಿದ ತಮಾಷೆಗೆ ಯಾರಿಗೂ ನಗು ಬರುವುದಿಲ್ಲ.) ಕೊನೆಗೆ ಗಟ್ಟಿಯಾಗಿ ಓದಿ, ಉಸಿರು ಸಿಕ್ಕಿಕೊಂಡಲ್ಲಿ ವಾಕ್ಯ ಒಡೆದೆ. ಈಗ ಓದಿದವರು ತಮ್ಮ ಗಿಡದ ಕಥೆ ಬರೆದು ಕಳಿಸುತ್ತಿದ್ದಾರೆ.