ಕತ್ತೆಯನ್ನು ಕತೆ ಮಾಡಿದ ಕತ್ತರಿ: ಮನೆಯಲ್ಲೇ ಆಡಿಯೊ ಎಡಿಟಿಂಗ್ ಹೇಗೆ?

ನಮ್ಮ ಸೋದರತ್ತೆಗೆ ಎಂಬತ್ತು ದಾಟಿದೆ. ಅವರು ಹೇಳುವ ಅಗಸನ ಕತ್ತೆಯ ಕತೆಯನ್ನು ಹೋದ ದಸರಾ ರಜೆಯಲ್ಲಿ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡೆ. ಒಟ್ಟು 22 ನಿಮಿಷ. ಅದರಲ್ಲಿ ಫ್ಯಾನಿನ ಸದ್ದು, ಕುಕ್ಕರಿನ ಮೂರು ವಿಷಲ್, ನಡುವೆ ಬಾಗಿಲಿಗೆ ಬಂದ ಹೂವಿನವಳ ಕೂಗು. ರಾತ್ರಿ ಕೂತು ಎಲ್ಲ ಕ್ಲೀನ್ ಮಾಡಿದೆ. ಖಾಲಿ ಕಂಡಲ್ಲೆಲ್ಲ ಕತ್ತರಿ ಹಾಕಿದೆ. ಬೆಳಿಗ್ಗೆ ಅತ್ತೆಗೆ ಕೇಳಿಸಿದರೆ, ‘ಲೋ, ನನ್ನ ಕತ್ತೆ ಎಲ್ಲೋ ಹೋಯ್ತು?’ ಅಂದರು. ನಿಜವೇ. ‘ಅಗಸನ ಕತ್ತೆ’ ಅಂದಿದ್ದು ‘ಅಗಸನ ಕತೆ’ ಆಗಿತ್ತು.

ಅದು ಹೇಗಾಯಿತು ಅಂತ ಆಮೇಲೆ ಹೇಳುತ್ತೇನೆ. ಮೊದಲು ಸಾಮಾನು ಜೋಡಿಸಿಕೊಳ್ಳೋಣ.

ರೆಕಾರ್ಡ್ ಮಾಡುವಾಗ

ಆಡಾಸಿಟಿ ಅನ್ನುವ ತಂತ್ರಾಂಶ ಸಾಕು. ದುಡ್ಡು ಕೊಡಬೇಕಿಲ್ಲ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ 1999ರಲ್ಲಿ ಶುರುವಾದ ಕೆಲಸ ಅದು.

ರೆಕಾರ್ಡಿಂಗ್ ಸೆಟ್ಟಿಂಗಿನಲ್ಲಿ ಎರಡು ಸಂಖ್ಯೆ ಕಾಣುತ್ತವೆ. ಒಂದು ಸ್ಯಾಂಪಲ್ ರೇಟ್. ಸೆಕೆಂಡಿಗೆ ಎಷ್ಟು ಸಲ ಧ್ವನಿಯನ್ನು ಅಳೆಯಬೇಕು ಅನ್ನುವ ಲೆಕ್ಕ ಇದು. 1982ರಲ್ಲಿ ಮಾರುಕಟ್ಟೆಗೆ ಬಂದ ಸಿಡಿಯಲ್ಲಿ ಇದು 44,100. ವಿಡಿಯೊ ಕೆಲಸದಲ್ಲಿ 48,000. ನಮ್ಮ ಕಿವಿಗೆ ಹೆಚ್ಚೆಂದರೆ ಸೆಕೆಂಡಿಗೆ 20,000 ಕಂಪನ, ಅಂದರೆ 20,000 ಹರ್ಟ್ಸ್‌ವರೆಗೆ ಕೇಳಿಸುತ್ತದೆ. ಒಂದು ಅಲೆಯನ್ನು ಸರಿಯಾಗಿ ಹಿಡಿಯಲು ಅದರ ಕಂಪನದ ಎರಡರಷ್ಟಕ್ಕಿಂತ ಹೆಚ್ಚು ಸಲ ಅಳೆಯಬೇಕು. 44,100 ಬಂದದ್ದು ಆ ಲೆಕ್ಕದಿಂದ. ಇನ್ನೊಂದು ಬಿಟ್ ಡೆಪ್ತ್. ಅಳೆಯುವ ಪಟ್ಟಿಯ ಮೇಲೆ ಎಷ್ಟು ಗೆರೆ ಇವೆ ಅಂತ ಅದು ಹೇಳುತ್ತದೆ. 16 ಬಿಟ್ ಅಂದರೆ 65,536 ಗೆರೆ. ‘96,000 ಇಟ್ಟರೆ ಇನ್ನೂ ಚೆನ್ನಾಗಿರಲ್ವಾ?’ ಅಂತ ಕೇಳುವವರಿದ್ದಾರೆ. ಕತೆ ಹೇಳುವ ಅತ್ತೆಗೆ ಬೇಕಿಲ್ಲ. ಸುಮ್ನೆ ಜಾಗ ತಿನ್ನುತ್ತದೆ.

ಇದಕ್ಕಿಂತ ಮುಖ್ಯವಾದದ್ದು ಲೆವೆಲ್. ಡಿಜಿಟಲ್ ಧ್ವನಿಯಲ್ಲಿ 0 ಡೆಸಿಬಲ್ ಅನ್ನುವುದು ಮನೆಯ ಸೂರು ಇದ್ದ ಹಾಗೆ. ಎಣಿಕೆ ಅಲ್ಲಿಂದ ಕೆಳಗೆ: −6, −12, −20. ಜೋರಾಗಿ ಮಾತಾಡಿದಾಗಲೂ ಮೀಟರಿನ ತುದಿ −12ರಿಂದ −6ರ ನಡುವೆ ಇರಲಿ. ಸೂರಿಗೆ ತಾಗಿದರೆ ಅಲೆಯ ತಲೆ ಸಪಾಟಾಗಿ ಕತ್ತರಿಸಿಹೋಗುತ್ತದೆ, ಧ್ವನಿ ಒಡೆಯುತ್ತದೆ. ಇದೇ ಕ್ಲಿಪ್ಪಿಂಗ್. ಪಾರ್ಕಿನಲ್ಲಿ ಕತ್ತರಿ ಹಾಕಿದ ಬೇಲಿಗಿಡದ ಥರ ಕಂಡರೆ ಮತ್ತೆ ರೆಕಾರ್ಡ್ ಮಾಡುವುದೇ ಮೇಲು.

ಇನ್ನೊಂದು ಮಾತು. ಕತೆ ಮುಗಿದ ಮೇಲೆ ಎಲ್ಲರೂ ಐದು ಸೆಕೆಂಡ್ ಸುಮ್ಮನಿದ್ದು ಆ ಕೋಣೆಯ ಸದ್ದನ್ನಷ್ಟೇ ರೆಕಾರ್ಡ್ ಮಾಡಿ. ಇದಕ್ಕೆ ರೂಮ್ ಟೋನ್ ಅನ್ನುತ್ತಾರೆ. ಮುಂದೆ ಎರಡು ಕಡೆ ಕೈಹಿಡಿಯುತ್ತದೆ.

ಸದ್ದು ತೆಗೆಯುವುದು

ಫೋನಿನ ಫೈಲು ಬಹಳ ಸಲ ಎಂ4ಎ ಆಗಿರುತ್ತದೆ. ವಿಂಡೋಸ್‌ನಲ್ಲಿ ಅದನ್ನು ಆಡಾಸಿಟಿ ತೆರೆಯದಿದ್ದರೆ ಎಫ್ಎಫ್ಎಂಪೆಗ್ ಅನ್ನುವ ಪುಟ್ಟ ಜೋಡಣೆ ಹಾಕಿಕೊಳ್ಳಿ. ತೆರೆದ ಮೇಲೆ ನೀಲಿ ಕಂಬಳಿಹುಳುವಿನಂಥದ್ದು ಕಾಣುತ್ತದಲ್ಲ, ಅದು ವೇವ್‌ಫಾರ್ಮ್. ಹುಳು ದಪ್ಪ ಇದ್ದಲ್ಲಿ ಧ್ವನಿ ಜೋರು.

ರೂಮ್ ಟೋನ್ ಭಾಗವನ್ನು ಮೌಸಿನಿಂದ ಎಳೆದು ಆರಿಸಿ. ಎಫೆಕ್ಟ್ ಮೆನುವಿನ ನಾಯ್ಸ್ ರಿಡಕ್ಷನ್‌ಗೆ ಹೋಗಿ ‘ಗೆಟ್ ನಾಯ್ಸ್ ಪ್ರೊಫೈಲ್’ ಒತ್ತಿ. ಫ್ಯಾನಿನ ಗುರುತು ಹಿಡಿದುಕೊಂಡಿತು. ಈಗ ಇಡೀ ಟ್ರ್ಯಾಕ್ ಆರಿಸಿ, ಅದೇ ಎಫೆಕ್ಟ್ ಮತ್ತೆ ತೆರೆದು 6ರಿಂದ 12 ಡೆಸಿಬಲ್ ಇಳಿಸಿ. ಆಸೆಗೆ ಬಿದ್ದು 30ಕ್ಕೆ ಏರಿಸಿದರೆ ಅತ್ತೆ ನೀರೊಳಗಿಂದ ಮಾತಾಡಿದ ಹಾಗಾಗುತ್ತದೆ. ಸ, ಶ, ಹ ಎಲ್ಲ ಉಸಿರಿನ ಸದ್ದುಗಳು, ಫ್ಯಾನಿನ ದಾಯಾದಿಗಳು. ಒಂದನ್ನು ಜಾಸ್ತಿ ಒರೆಸಿದರೆ ಇನ್ನೊಂದೂ ಸವೆಯುತ್ತದೆ. ನಮ್ಮ ಮಹಾಪ್ರಾಣಗಳ ಗತಿಯೂ ಅದೇ.

ಕರೆಂಟಿನ ‘ಗುಂಯ್’ ಇದ್ದರೆ ಅದು 50 ಹರ್ಟ್ಸ್‌ನದು. ಹೈ-ಪಾಸ್ ಫಿಲ್ಟರಿನಲ್ಲಿ 80 ಅಂತ ಕೊಡಿ. ಅದಕ್ಕಿಂತ ಕೆಳಗಿನ ಸದ್ದೆಲ್ಲ ತಗ್ಗುತ್ತದೆ. ಹೆಂಗಸರ ಮಾತು ಅದಕ್ಕಿಂತ ಮೇಲೇ ಇರುವುದರಿಂದ ಏನೂ ನಷ್ಟವಿಲ್ಲ. ಕುಕ್ಕರ್ ವಿಷಲ್ ಮಾತ್ರ ಇವೆರಡಕ್ಕೂ ಬಗ್ಗುವುದಿಲ್ಲ. ಒಂದೇ ಸಮ ಇರುವ ಸದ್ದಿಗಷ್ಟೇ ಇವು ಮದ್ದು.

ಕತ್ತರಿ, ಮತ್ತು ನನ್ನ ಕತ್ತೆ

ಈಗ ಕತ್ತೆಯ ವಿಷಯ. ಆ ಪದವನ್ನು ಝೂಮ್ ಮಾಡಿ ನೋಡಿ. ‘ಕ’ಕಾರದ ಪುಟ್ಟ ಸಿಡಿತ, ಅದರ ಅಕಾರದ ಉಬ್ಬು, ಆಮೇಲೆ ಬರೀ ಗೆರೆ, ಮತ್ತೆ ಒಂದು ಸಿಡಿತ, ಕೊನೆಗೆ ಎಕಾರ. ನಡುವಿನ ಆ ಬರೀ ಗೆರೆಯೇ ‘ತ್ತ’. ನಾಲಿಗೆ ಹಲ್ಲಿನ ಹಿಂದೆ ಒತ್ತಿ ನಿಂತಾಗ ಗಾಳಿ ಹೊರಡುವುದಿಲ್ಲ, ಸದ್ದೂ ಇಲ್ಲ. ಅತ್ತೆಯ ಕತ್ತೆಯಲ್ಲಿ ಆ ಗೆರೆ 0.18 ಸೆಕೆಂಡ್ ಇತ್ತು. ನಾನು ಅದನ್ನು ಖಾಲಿ ಜಾಗ ಅಂದುಕೊಂಡು ಅರ್ಧ ಕತ್ತರಿಸಿದ್ದೆ. ಒತ್ತು ಹೋಯಿತು, ‘ತೆ’ ಉಳಿಯಿತು.

ಅಕ್ಕ, ಹಪ್ಪಳ, ಬೆಟ್ಟ ಎಲ್ಲದರಲ್ಲೂ ಇಂಥ ಗುಂಡಿ ಇದೆ. ಅಮ್ಮ, ಹಳ್ಳಗಳಲ್ಲಿ ಇಲ್ಲ, ಅಲ್ಲಿ ಧ್ವನಿ ಹರಿಯುತ್ತಲೇ ಇರುತ್ತದೆ. ಬೇಕಿದ್ದರೆ ನಿಮ್ಮ ಹೆಸರನ್ನೇ ರೆಕಾರ್ಡ್ ಮಾಡಿ ಹುಡುಕಿ. ಮೌನವನ್ನು ತಾನಾಗಿ ಕುಗ್ಗಿಸುವ ‘ಟ್ರಂಕೇಟ್ ಸೈಲೆನ್ಸ್’ ಬಳಸುವುದಾದರೆ ಅವಧಿಯನ್ನು ಅರ್ಧ ಸೆಕೆಂಡಿಗಿಂತ ಕಡಿಮೆ ಇಡಬೇಡಿ. 0.1 ಇಟ್ಟರೆ ಒತ್ತಕ್ಷರಗಳನ್ನೆಲ್ಲ ಮೆದ್ದುಬಿಡುತ್ತದೆ.

ಕತ್ತರಿಸುವ ಜಾಗ ಆರಿಸಿದ ಮೇಲೆ ಝಡ್ ಕೀ ಒತ್ತಿ. ಅಲೆಯು ನಡುಗೆರೆಯನ್ನು ದಾಟುವ ಜಾಗಕ್ಕೆ, ಅಂದರೆ ಝೀರೊ ಕ್ರಾಸಿಂಗ್‌ಗೆ, ನಿಮ್ಮ ಆಯ್ಕೆ ಸರಿಯುತ್ತದೆ. ಅಲೆಯ ಏರಿನಲ್ಲಿ ಕತ್ತರಿಸಿದರೆ ‘ಟಕ್’ ಅನ್ನುವ ಸದ್ದು ಬರುವ ಸಾಧ್ಯತೆ ಜಾಸ್ತಿ. ಹೂವಿನವಳನ್ನು ಕಳಿಸಿದ ಜಾಗದಲ್ಲಿ ಪೂರ್ತಿ ಮೌನ ಹಾಕಬೇಡಿ, ಲೈನ್ ಕಟ್ಟಾದ ಹಾಗೆ ಕೇಳಿಸುತ್ತದೆ. ಅಲ್ಲಿಗೆ ರೂಮ್ ಟೋನ್ ಅಂಟಿಸಿ. ಶುರುವಿಗೆ ಧ್ವನಿ ಮೆಲ್ಲಗೆ ಏರುವ ಫೇಡ್ ಇನ್, ಕೊನೆಗೆ ಮೆಲ್ಲಗೆ ಇಳಿಯುವ ಫೇಡ್ ಔಟ್. ತಪ್ಪಿದರೆ ಕಂಟ್ರೋಲ್ ಝಡ್ ಇದ್ದೇ ಇದೆ.

ಜೋರು ಮಾಡುವುದು, ಕಳಿಸುವುದು

ನಾರ್ಮಲೈಜ್ ಅಂದರೆ ಅತಿ ಎತ್ತರದ ತುದಿಯನ್ನು ನೀವು ಹೇಳಿದಲ್ಲಿಗೆ ತಂದು, ಉಳಿದದ್ದನ್ನೂ ಅಷ್ಟೇ ಏರಿಸುವುದು. ಅತ್ತೆ ಒಮ್ಮೆ ಪಿಸುಗುಟ್ಟಿ ಒಮ್ಮೆ ಗದರಿದರೆ ಇದರಿಂದ ಆ ಅಂತರ ಕುಗ್ಗುವುದಿಲ್ಲ. ಅದಕ್ಕೆ ಕಂಪ್ರೆಸರ್ ಬೇಕು. ಇಲ್ಲೊಂದು ಗೊಂದಲ ಇದೆ. ಈ ಕಂಪ್ರೆಷನ್ ಧ್ವನಿಯ ಏರಿಳಿತ ಕುಗ್ಗಿಸುತ್ತದೆ. ಎಂಪಿ3 ಮಾಡುವಾಗ ಹೇಳುವ ಕಂಪ್ರೆಷನ್ ಫೈಲಿನ ಗಾತ್ರ ಕುಗ್ಗಿಸುತ್ತದೆ. ಹೆಸರೊಂದೇ, ಕೆಲಸ ಬೇರೆ. ಕಿವಿಗೆ ಒಟ್ಟಾರೆ ಎಷ್ಟು ಜೋರು ಅನ್ನುವುದರ ಅಳತೆ ಎಲ್‌ಯುಎಫ್‌ಎಸ್. ಪಾಡ್‌ಕಾಸ್ಟ್‌ಗೆ ಆಪಲ್ ಹೇಳುವ ಗುರಿ −16.

ಆಡಾಸಿಟಿಯಲ್ಲಿ ಸೇವ್ ಮಾಡಿದರೆ ಬರುವ ಎಯುಪಿ3 ಫೈಲು ಹಾಡುವ ಫೈಲಲ್ಲ, ಕೆಲಸದ ಕಡತ. ನಾನು ಅದನ್ನೇ ಮನೆಮಂದಿಗೆಲ್ಲ ಕಳಿಸಿ ‘ಓಪನ್ ಆಗ್ತಿಲ್ಲ’ ಅನ್ನಿಸಿಕೊಂಡಿದ್ದೇನೆ. ಕಳಿಸಲು ಎಕ್ಸ್‌ಪೋರ್ಟ್ ಮಾಡಬೇಕು. ಒಂದು ಪ್ರತಿ ವೇವ್ ಫೈಲಾಗಿ ಎತ್ತಿಡಿ. ಮೋನೊದಲ್ಲಿ, ಅಂದರೆ ಎಡ-ಬಲ ಬೇರೆಯಿಲ್ಲದೆ ಒಂದೇ ಚಾನಲ್ ಇದ್ದರೆ, ನಿಮಿಷಕ್ಕೆ ಸುಮಾರು 5 ಎಂಬಿ, 22 ನಿಮಿಷಕ್ಕೆ 116. ಕಳಿಸಲು 64 ಕೆಬಿಪಿಎಸ್ (ಸೆಕೆಂಡಿಗೆ 64 ಕಿಲೊಬಿಟ್) ಎಂಪಿ3 ಮಾಡಿದರೆ ಹತ್ತೂವರೆ ಎಂಬಿಯಲ್ಲಿ ಮುಗಿಯುತ್ತದೆ. ಎಂಪಿ3ಯನ್ನೇ ತೆರೆದು ತಿದ್ದಿ ಮತ್ತೆ ಎಂಪಿ3 ಮಾಡಬೇಡಿ. ಜೆರಾಕ್ಸಿನ ಜೆರಾಕ್ಸ್ ತೆಗೆದ ಹಾಗೆ ಪ್ರತಿ ಸಲವೂ ಮಸುಕಾಗುತ್ತದೆ.

ನಾನು ಮೂಲ ಫೈಲಿನಿಂದ ಆ ಚೂರು ತಂದು ಹಾಕಿದೆ, ಕತ್ತೆ ಮನೆಗೆ ಬಂತು. ಮೊದಲೆರಡು ವಿಷಲ್ ಮಾತಿನ ನಡುವಿನ ಬಿಡುವಿನಲ್ಲಿದ್ದವು, ಕತ್ತರಿಸಿದೆ. ಮೂರನೆಯದು ಉಳಿದಿದೆ. ಅದು ಕೂಗುತ್ತಿರುವಾಗಲೇ ಅತ್ತೆ, ‘ಆಯ್ತು ಏಳ್ರೋ, ಅನ್ನ ಆಗಿರ್ಬೇಕು’ ಅಂದಿದ್ದಾರೆ.