ಮಧ್ಯಾಹ್ನ ಮೆನ್ಸಾ, ರಾತ್ರಿ ಸಾರು: ಕೆಮ್ನಿಟ್ಸ್‌ನಲ್ಲಿ ನನ್ನ ಊಟದ ಅನುಭವ

2023ರ ಅಕ್ಟೋಬರ್‌ನಲ್ಲಿ ಮಾಸ್ಟರ್ಸ್ ಓದಲು ಜರ್ಮನಿಯ ಕೆಮ್ನಿಟ್ಸ್‌ಗೆ ಬಂದೆ. ಬಂದ ಹೊಸದರಲ್ಲಿ ನಾನು ಮಾಡಿದ ದೊಡ್ಡ ತಪ್ಪು ಅಂದರೆ ಮಧ್ಯಾಹ್ನದ ಊಟ ಬಿಟ್ಟಿದ್ದು.

ಆಗ ವೀಸಾಕ್ಕೆ ಬ್ಲಾಕ್ಡ್ ಅಕೌಂಟಿನಲ್ಲಿ, ಅಂದರೆ ತಿಂಗಳಿಗೆ ಇಷ್ಟೇ ಅಂತ ದುಡ್ಡು ಬಿಡುವ ಖಾತೆಯಲ್ಲಿ, ವರ್ಷಕ್ಕೆ 11,208 ಯೂರೋ ಇಡಬೇಕಿತ್ತು. ಅದರಿಂದ ತಿಂಗಳಿಗೆ 934 ಯೂರೋ ಕೈಗೆ ಬರುತ್ತಿತ್ತು. ಬಾಡಿಗೆ, ಆರೋಗ್ಯ ವಿಮೆ ಕಳೆದು ಉಳಿದಿದ್ದನ್ನು ನೋಡಿದರೆ ಎದೆ ಧಸಕ್ಕೆನ್ನುತ್ತಿತ್ತು. ಮೆನ್ಸಾ ಅಂದರೆ ವಿದ್ಯಾರ್ಥಿಗಳ ಕ್ಯಾಂಟೀನು. ಅಲ್ಲಿ ಒಂದು ಊಟ ಸುಮಾರು 3 ಯೂರೋ. ನಾನು ಅದನ್ನು 90ರಿಂದ ಗುಣಿಸುತ್ತಿದ್ದೆ. ಒಂದು ಊಟಕ್ಕೆ 270 ರೂಪಾಯಿಯಾ ಅಂತ ಬಾಗಿಲಿನಿಂದಲೇ ವಾಪಸ್ ಬಂದು, ಎರಡು ಸ್ಲೈಸ್ ಬ್ರೆಡ್ಡು, ಜಾಮ್ ತಿಂದು ಮುಗಿಸುತ್ತಿದ್ದೆ.

ಮಧ್ಯಾಹ್ನದ ಕ್ಲಾಸಿನಲ್ಲಿ ಕಣ್ಣು ಎಳೆಯುತ್ತಿತ್ತು. ರಾತ್ರಿ ಎಂಟಕ್ಕೆ ಬಂದು ಹಸಿವಿನಲ್ಲೇ ಈರುಳ್ಳಿ ಹೆಚ್ಚಲು ಶುರು ಮಾಡಿದರೆ, ಪಾತ್ರೆ ತೊಳೆದಿಡುವ ಹೊತ್ತಿಗೆ ಹತ್ತೂವರೆ. ಇನ್ನು ಓದುವುದು ಯಾವಾಗ?

ನವೆಂಬರ್ 22, ಬುಧವಾರ. ಮನೆಯಲ್ಲಿ ಬ್ರೆಡ್ ಕೂಡ ಖಾಲಿ. ಆಲ್ಡಿ ಸೂಪರ್ ಮಾರ್ಕೆಟ್ಟಿಗೆ ಹೋದರೆ ಒಳಗೆ ಕತ್ತಲು, ಬಾಗಿಲು ತೆರೆಯಲಿಲ್ಲ. ಭಾನುವಾರ ಜರ್ಮನಿಯಲ್ಲಿ ಅಂಗಡಿ ಮುಚ್ಚಿರುತ್ತದೆ ಅಂತ ಗೊತ್ತಿತ್ತು, ಆದರೆ ಬುಧವಾರ ಯಾಕೆ? ಆಮೇಲೆ ತಿಳಿಯಿತು, ಅವತ್ತು ಬುಸ್ ಉಂಡ್ ಬೆಟ್‌ಟಾಗ್. ಪ್ರಾರ್ಥನೆ, ಪಶ್ಚಾತ್ತಾಪದ ದಿನ. ಇಡೀ ಜರ್ಮನಿಯಲ್ಲಿ ಇದು ಸಾರ್ವಜನಿಕ ರಜೆಯಾಗಿ ಉಳಿದಿರುವುದು ನಮ್ಮ ಸ್ಯಾಕ್ಸನಿ ರಾಜ್ಯದಲ್ಲಿ ಮಾತ್ರ. ದೊಡ್ಡ ರೈಲ್ವೆ ಸ್ಟೇಷನ್ನಿನ ಅಂಗಡಿಗಳು ರಜಾದಿನವೂ ತೆರೆದಿರಬಹುದು ಅನ್ನುವುದು ಆಗ ಹೊಳೆಯಲೇ ಇಲ್ಲ. ಅವತ್ತು ರಾತ್ರಿ ಬರೀ ಅನ್ನಕ್ಕೆ ಉಪ್ಪು, ಅಮ್ಮ ಕಟ್ಟಿಕೊಟ್ಟಿದ್ದ ಸಾರಿನ ಪುಡಿ ಕಲಸಿಕೊಂಡು ತಿಂದೆ. ಹೊಟ್ಟೆಗಿಂತ ಮನಸ್ಸಿಗೆ ಜಾಸ್ತಿ ಕಷ್ಟವಾಯಿತು.

ಮಾರನೇ ದಿನದಿಂದ ಕ್ರಮ ಬದಲಾಯಿಸಿದೆ. ದಿನದ ದೊಡ್ಡ ಊಟ ಮಧ್ಯಾಹ್ನ, ಮೆನ್ಸಾದಲ್ಲಿ. ರಾತ್ರಿಗೆ ಒಂದೇ ಪಾತ್ರೆಯ ಅಡುಗೆ. ಅಂಗಡಿಗೆ ಶನಿವಾರ ಬೆಳಿಗ್ಗೆ.

ಪ್ರತಿ ಸೆಮಿಸ್ಟರ್‌ಗೆ ನಾವು ಕಟ್ಟುವ ಫೀಸಿನಲ್ಲಿ ಒಂದು ಪಾಲು ಮೆನ್ಸಾ, ಹಾಸ್ಟೆಲ್ ನೋಡಿಕೊಳ್ಳುವ ಸಂಸ್ಥೆಗೇ ಹೋಗುತ್ತದೆ. ಅದಕ್ಕೇ ವಿದ್ಯಾರ್ಥಿಗಳಿಗೆ ಒಂದು ರೇಟು, ಹೊರಗಿನವರಿಗೆ ಅದಕ್ಕಿಂತ ಜಾಸ್ತಿ ರೇಟು. ನಾನು ಊಟ ಬಿಟ್ಟು ಉಳಿಸುತ್ತಿದ್ದೇನೆ ಅಂದುಕೊಂಡಿದ್ದೆ. ನಿಜವಾಗಿ, ಆಗಲೇ ಸ್ವಲ್ಪ ದುಡ್ಡು ಕೊಟ್ಟಾಗಿದ್ದ ಊಟವನ್ನು ಬಿಟ್ಟು ಬರುತ್ತಿದ್ದೆ.

ನಾನು ಸಸ್ಯಾಹಾರಿ. ಮೆನುವಿನಲ್ಲಿ ದಿನಾ ಮಾಂಸವಿಲ್ಲದ ಒಂದು ಊಟವಾದರೂ ಸಿಗುತ್ತಿತ್ತು. ಪ್ರತಿ ತಿಂಡಿಯ ಪಕ್ಕದಲ್ಲಿ ಸಣ್ಣ ಅಂಕಿ, ಅಕ್ಷರ ಇರುತ್ತವೆ. ಅಂಕಿ ಅಂದರೆ ಅದರಲ್ಲಿ ಸೇರಿಸಿರುವ ಬಣ್ಣ, ರಾಸಾಯನಿಕ. ಅಕ್ಷರ ಅಂದರೆ ಅಲರ್ಜಿ ತರಬಹುದಾದ ಪದಾರ್ಥ. ಮೊದಲ ವಾರ ಫೋನಿನಲ್ಲಿ ಅನುವಾದ ಮಾಡಿಕೊಂಡು ಓದಿದೆ, ಆಮೇಲೆ ಬಾಯಿಪಾಠವಾಯಿತು. ಆಲೂಗಡ್ಡೆ ಬಡಿಸುವಾಗ ಸೌಟು ಎತ್ತಿಕೊಂಡು 'ಸೋಸೆ?' ಅಂತ ಕೇಳುತ್ತಾರೆ. ಆ ಕಂದು ಸಾಸ್ ಎಷ್ಟೋ ಸಲ ಮಾಂಸದ ರಸದ್ದು. 'ಓನೆ ಸೋಸೆ, ಬಿಟ್ಟೆ', ಅಂದರೆ ಸಾಸ್ ಬೇಡ ದಯವಿಟ್ಟು. ಜರ್ಮನ್‌ನಲ್ಲಿ ನಾನು ಧೈರ್ಯವಾಗಿ ಹೇಳಿದ ಮೊದಲ ವಾಕ್ಯ ಇದೇ.

ಇನ್ನೊಂದು ಅನುಕೂಲವೂ ಆಯಿತು. ಚಳಿಗಾಲದಲ್ಲಿ ಇಲ್ಲಿಗೂ ಊರಿಗೂ ನಾಲ್ಕೂವರೆ ಗಂಟೆ ವ್ಯತ್ಯಾಸ. ರಾತ್ರಿ ಊಟ ಮುಗಿಸಿ ಫೋನ್ ಮಾಡಿದರೆ ಅಮ್ಮ ಮಲಗಿರುತ್ತಿದ್ದಳು. ಮೆನ್ಸಾದಿಂದ ಹನ್ನೆರಡೂವರೆಗೆ ಮಾಡಿದರೆ ಅಲ್ಲಿ ಸಂಜೆ ಐದು, ಅವಳ ಕಾಫಿ ಹೊತ್ತು. ನನ್ನ ತಟ್ಟೆ ನೋಡಿದ ಮೇಲೆ ಅವಳ ದನಿಯಲ್ಲಿದ್ದ ಆತಂಕ ಕಡಿಮೆಯಾಯಿತು.

ರಾತ್ರಿಯ ಅಡುಗೆಗೆ ಇಂಡಿಯನ್ ಅಂಗಡಿಯನ್ನೇ ಕಾಯಬೇಕಿಲ್ಲ. ಕೆಂಪು ಮಸೂರ ಬೇಳೆ ಸೂಪರ್ ಮಾರ್ಕೆಟ್ಟಿನಲ್ಲೇ ಸಿಗುತ್ತದೆ, 'ರೋಟೆ ಲಿನ್ಸೆನ್' ಅಂತ ಬರೆದಿರುತ್ತದೆ. ಕುಕ್ಕರ್ ಬೇಡ, ಕಾಲು ಗಂಟೆಯಲ್ಲಿ ಬೇಯುತ್ತದೆ. ಒಂದು ಟೊಮೇಟೊ, ಸಾರಿನ ಪುಡಿ, ಕೊನೆಗೆ ನಿಂಬೆರಸ ಹಿಂಡಿದರೆ ಆಯಿತು. ತೊಗರಿ ಸಾರಿನ ರುಚಿ ಬರುವುದಿಲ್ಲ, ನಿಜ. ಆದರೆ ಬಿಸಿ ಅನ್ನಕ್ಕೆ ಹಿತವಾಗಿರುತ್ತದೆ. ಪಾಯಸದಂಥ ಸಿಹಿಗೆ ಅಂತ ಮಾರುವ ಗುಂಡು ಅಕ್ಕಿ, 'ಮಿಲ್ಶ್‌ರೈಸ್', ಮೊಸರನ್ನಕ್ಕೆ ಬಹಳ ಚೆನ್ನ, ಮೆತ್ತಗೆ ಬೇಯುತ್ತದೆ. ಊರಿಂದ ತುಪ್ಪದ ಡಬ್ಬಿ ತರಬೇಡಿ. ಹೊರದೇಶದ ಹಾಲಿನ ಪದಾರ್ಥಗಳನ್ನು ಪ್ರಯಾಣಿಕರು ಯುರೋಪಿಯನ್ ಒಕ್ಕೂಟದೊಳಗೆ ತರುವಂತಿಲ್ಲ. ಇಲ್ಲಿನ 'ಬುಟರ್‌ಶ್ಮಾಲ್ಟ್ಸ್' ಅಂದರೆ ಕಾಯಿಸಿದ ಬೆಣ್ಣೆಯೇ, ಸಾರಿಗೆ ಒಂದು ಚಮಚ ಹಾಕಿ ನೋಡಿ.

ಒಗ್ಗರಣೆಯನ್ನು ಮಾತ್ರ ಹೊಸದಾಗಿ ಕಲಿಯಬೇಕಾಯಿತು. ಎಲೆಕ್ಟ್ರಿಕ್ ಒಲೆಯ ತಟ್ಟೆ ಆರಿಸಿದ ಮೇಲೂ ನಿಗಿನಿಗಿ ಕಾದಿರುತ್ತದೆ. ಗ್ಯಾಸ್ ಒಲೆಯ ಅಭ್ಯಾಸದಲ್ಲಿ ಸ್ವಿಚ್ ತಿರುಗಿಸಿ ಬಾಣಲೆಯನ್ನು ಅಲ್ಲೇ ಬಿಟ್ಟೆ. ಸಾಸಿವೆ ಕರಿಕಾಯಿತು, ಮೆಣಸಿನಕಾಯಿ ಘಾಟು ತುಂಬಿತು. ಉಸಿರಾಡಲು ಆಗದೆ ಬಾಗಿಲು ತೆರೆದೆ. ಹೊಗೆ ಕಾರಿಡಾರಿಗೆ ನುಗ್ಗಿ ಅಲ್ಲಿನ ಸ್ಮೋಕ್ ಅಲಾರಂ ಕೂಗಿತು. ಪಕ್ಕದ ರೂಮಿನ ಜರ್ಮನ್ ಹುಡುಗ ಕೆಮ್ಮುತ್ತಲೇ ಬಂದು ಮೊದಲು ಬಾಗಿಲು ಮುಚ್ಚಿದ, ಆಮೇಲೆ ಕಿಟಕಿ ಪೂರ್ತಿ ತೆರೆದ. ನಾನು ಕಲಿತ ಕ್ರಮವೂ ಅದೇ. ಬಾಗಿಲು ಮುಚ್ಚು, ಕಿಟಕಿ ತೆರೆ, ಆಮೇಲೆ ಎಣ್ಣೆ ಇಡು. ಸಾಸಿವೆ ಚಟಪಟ ಅಂದ ತಕ್ಷಣ ಬಾಣಲೆಯನ್ನೇ ಒಲೆಯಿಂದ ಎತ್ತಿ, ಆ ಬಿಸಿಯಲ್ಲೇ ಮೆಣಸಿನಕಾಯಿ, ಇಂಗು ಹಾಕು. ಇವತ್ತಿಗೂ ಹಾಗೇ ಮಾಡುತ್ತೇನೆ.

ಅವನಿಗೆ ಕ್ಷಮೆ ಕೇಳಿ, ಮುಂದಿನ ಭಾನುವಾರ ಊಟಕ್ಕೆ ಕರೆದೆ. ಮೊಸರನ್ನವನ್ನು ಎರಡನೇ ಸಲ ಹಾಕಿಸಿಕೊಂಡ. ಅಲ್ಲಿಂದ ಭಾನುವಾರದ ಅಡುಗೆ ರೂಢಿಯಾಯಿತು. ನಾಲ್ಕೈದು ಜನ ಸೇರುತ್ತಿದ್ದೆವು, ಉಳಿದಿದ್ದನ್ನು ಡಬ್ಬಿಗೆ ತುಂಬಿ ಹೆಸರು ಬರೆದು ಫ್ರಿಜ್ಜಿಗೆ. ಫೆಬ್ರವರಿಯ ಪರೀಕ್ಷೆ ದಿನಗಳಲ್ಲಿ ಆ ಡಬ್ಬಿಗಳೇ ಎಷ್ಟೋ ರಾತ್ರಿ ಕಾಪಾಡಿದವು. ಗುಂಪಿನಲ್ಲಿ ಉಳಿದ ಖಾಲಿ ಬಾಟಲಿಗಳನ್ನು ಶನಿವಾರ ಅಂಗಡಿಯ ಮಷೀನಿಗೆ ಹಾಕುತ್ತಿದ್ದೆವು. ಪ್ಲಾಸ್ಟಿಕ್ ಬಾಟಲಿಗೆ 25 ಸೆಂಟ್ ಡೆಪಾಸಿಟ್ ವಾಪಸ್, ಎಂಟು ಬಾಟಲಿ ಸೇರಿದರೆ 2 ಯೂರೋ, ಮೊಸರಿನ ಖರ್ಚು ಅದರಲ್ಲೇ ಕಳೆಯುತ್ತಿತ್ತು.

ಕ್ರಮಕ್ಕೆ ಬಂದ ಮೇಲೆ ನನ್ನ ಊಟದ ಖರ್ಚು, ಮೆನ್ಸಾ ಸೇರಿ, ತಿಂಗಳಿಗೆ 170-180 ಯೂರೋ ಆಗುತ್ತಿತ್ತು. ಬ್ರೆಡ್ಡು ಜಾಮ್ ತಿನ್ನುತ್ತಿದ್ದಾಗಲೂ ಹೆಚ್ಚುಕಡಿಮೆ ಅಷ್ಟೇ ಆಗಿತ್ತು. ಹಸಿವಿನಲ್ಲಿ ಅಂಗಡಿಗೆ ಹೋದರೆ ಚಿಪ್ಸು, ಬಿಸ್ಕತ್ತು ಸುಮ್ನೆ ಬುಟ್ಟಿಗೆ ಬೀಳುತ್ತವೆ ಅಲ್ವಾ, ಉಳಿಸಿದ್ದೆಲ್ಲ ಅಲ್ಲೇ ಹೋಗುತ್ತಿತ್ತು.

2024ರ ಅಕ್ಟೋಬರ್‌ನಲ್ಲಿ ಊರ ಕಡೆಯ ಹುಡುಗನೊಬ್ಬ ಇಲ್ಲಿಗೆ ಓದಲು ಬಂದ. ಮೊದಲ ರಾತ್ರಿ ನನ್ನ ರೂಮಿನಲ್ಲೇ ಊಟ. ಸಾರಿಗೆ ತುಪ್ಪ ಹಾಕಿಕೊಳ್ಳುತ್ತಾ, 'ಅಣ್ಣಾ, ಮೆನ್ಸಾದಲ್ಲಿ ಒಂದು ಊಟ 270 ರೂಪಾಯಂತೆ?' ಅಂದ. ಮಾರನೇ ದಿನ ಮಧ್ಯಾಹ್ನ ನಾನೇ ಅವನನ್ನು ಮೆನ್ಸಾಗೆ ಕರೆದುಕೊಂಡು ಹೋದೆ. ಸಾಲಿನಲ್ಲಿ ನಿಂತಿದ್ದಾಗ ಅವನ ಫೋನ್ ತೆಗೆಸಿ, ಕ್ಯಾಲೆಂಡರಿನಲ್ಲಿ ನವೆಂಬರ್ 20, ಬುಧವಾರಕ್ಕೆ ಗುರುತು ಹಾಕಿಸಿದೆ: ಅಂಗಡಿ ಇಲ್ಲ, ಮಂಗಳವಾರವೇ ತರಕಾರಿ ತರಬೇಕು.