ಕಮೋಡಿನ ಹಳದಿ ಕಲೆ ತೆಗೆದಿದ್ದು: ನನ್ನ ಅನುಭವ

ಹಾಸನದಲ್ಲಿ ನಮ್ಮನೇಲಿ ಹೇಮಾವತಿ ನೀರನ್ನ ಕುಡಿಯೋಕೆ, ಅಡುಗೆಗೆ ಅಂತ ಹಿಡಿದಿಟ್ಕೋತೀವಿ, ಮಿಕ್ಕಿದ್ದಕ್ಕೆಲ್ಲ ಬೋರ್ ನೀರೇ. ಅದೆಷ್ಟು ಗಡಸು ಅಂದ್ರೆ ಗೀಸರ್ ಕಾಯಿಲ್ ಬಿಚ್ಚಿದಾಗ ಸುಣ್ಣ ಮೆತ್ತಿದಂಗಿತ್ತು. ಕಮೋಡ್ ಕಥೆನೂ ಅದೇ, ಹಿಂದುಗಡೆ ನೀರು ಇಳಿಯೋ ಜಾಗದಲ್ಲಿ ಕಂದು ಪಟ್ಟೆ, ನೀರು ನಿಲ್ಲೋ ಮಟ್ಟಕ್ಕೆ ಸರಿಯಾಗಿ ಬಳೆ ಥರ ಹಳದಿ ಗೆರೆ. ನೆಂಟರು ಬಾತ್‌ರೂಮ್ ಎಲ್ಲಿ ಅಂದ್ರೆ ಸಾಕು, ಮುಖ ಸಣ್ಣದಾಗೋದು.

ಮೊದಲು ನಾನು ಮಾಡ್ಕೊಂಡ ಎಡವಟ್ಟು ಹೇಳ್ತೀನಿ. ಬಾಟ್ಲಿ ಆಸಿಡ್ ತಂದು ಸುರಿದೆ, ಹೊಗೆ ಎದ್ದು ಕಣ್ಣು ಮೂಗು ಉರಿ, ಕೆಮ್ಮಿಕೊಂಡು ಹಿತ್ತಲಿಗೆ ಓಡಿದೆ, ಕಲೆ ಏನೋ ಸ್ವಲ್ಪ ತಿಳಿಯಾಯ್ತು, ಆದ್ರೆ ಕೈ ತಪ್ಪಿ ನೆಲಕ್ಕೆ ಬಿದ್ದ ನಾಕು ಹನಿ ರೆಡ್ ಆಕ್ಸೈಡ್ ನೆಲನ ಬುಸ್ ಅಂತ ನೊರೆ ಎಬ್ಬಿಸಿ ತಿಂದ್ಹಾಕ್ತು. ಸಿಮೆಂಟಿಗೆ ಆಸಿಡ್ ಆಗಲ್ವಲ್ಲ, ಈಗ್ಲೂ ಅಲ್ಲಿ ನಾಕು ಬಿಳಿ ಮಚ್ಚೆ ಇದೆ. ಆ ಸಿಟ್ಟಿಗೆ ಉಳಿದ ಕಲೆನ ಪಾತ್ರೆ ತಿಕ್ಕೋ ಸ್ಟೀಲ್ ಸ್ಕ್ರಬ್ಬರಲ್ಲಿ ತಿಕ್ಕಿದೆ. ಕಮೋಡ್ ಮೇಲೆ ಹೊಳೆಯೋದು ಗ್ಲೇಜ್ ಕಣ್ರೀ, ಭಟ್ಟಿಲಿ ಕರಗಿ ಕೂತಿರೋ ಗಾಜಿನ ಪದರ, ಅದಕ್ಕೆ ಒಂದ್ಸಲ ಗೀರು ಬಿತ್ತು ಅಂದ್ರೆ ಕಲೆಗೆ ಕೂರೋಕೆ ನಾವೇ ಜಾಗ ಮಾಡ್ಕೊಟ್ಟಂಗೆ.

ಆಮೇಲೆ ಕೂತು ಯೋಚ್ನೆ ಮಾಡಿದೆ. ಬೋರ್ ನೀರಿನ ಸುಣ್ಣ ಗಟ್ಟಿಯಾಗಿ ಕಲ್ಲಾಗಿದೆ, ಕಂದು ಬಣ್ಣ ನೀರಲ್ಲಿರೋ ಕಬ್ಬಿಣದ್ದು. ಸೋಪಿಗೆ ಅದು ಬಗ್ಗಲ್ಲ, ಬ್ಲೀಚಿಗೂ ಕರಗಲ್ಲ, ಹುಳಿಗೆ ಮಾತ್ರ ಕರಗುತ್ತೆ, ಆದ್ರೆ ಉರಿ ಹುಳಿನೇ ಆಗ್ಬೇಕು ಅಂತಿಲ್ಲ, ಟೈಮ್ ಕೊಡ್ಬೇಕು ಅಷ್ಟೆ.

ಕಟ್ಟಿನಕೆರೆ ಮಾರ್ಕೆಟ್ ಹತ್ರ ಸಿಟ್ರಿಕ್ ಆಸಿಡ್ ಪುಡಿ ತಗೊಂಡೆ, ನಿಂಬೆ ಉಪ್ಪು ಅಂದ್ರೂ ಕೊಡ್ತಾರೆ. ರಾತ್ರಿ ಎಲ್ಲರದ್ದೂ ಮುಗಿದ ಮೇಲೆ ಬಕೆಟ್ ನೀರು ರಭಸವಾಗಿ ಸುರಿದೆ, ಆಗ ಒಳಗಿನ ನೀರಿನ ಮಟ್ಟ ಇಳಿದು ಹಳದಿ ಬಳೆ ಹೊರಗೆ ಬಂತು. ಅರ್ಧ ಲೀಟರ್ ಬೆಚ್ಚಗಿನ ನೀರಿಗೆ 100 ಗ್ರಾಂ ಪುಡಿ ಕಲಸಿದೆ, ಕುದಿಯೋ ನೀರು ಮಾತ್ರ ಬೇಡ, ಪಿಂಗಾಣಿ ಬಿರುಕು ಬಿಡಬಹುದು. ಬರೀ ಸುರಿದ್ರೆ ಜಾರಿ ಕೆಳಗೆ ಹೋಗುತ್ತಲ್ಲ, ಅದಕ್ಕೆ ಹಳೆ ಪಂಚೆ ಹರಿದು ಅದರಲ್ಲಿ ಅದ್ದಿ, ಗ್ಲೌಸ್ ಹಾಕ್ಕೊಂಡು, ಗಾಯಕ್ಕೆ ಪಟ್ಟಿ ಹಾಕಿದಂಗೆ ಕಲೆ ಮೇಲೆ ಅಂಟಿಸಿದೆ. ಕಿವಿಗೊಟ್ರೆ ಚುರ್ರ್ ಅಂತ ಸಣ್ಣ ಸದ್ದು, ಗುಳ್ಳೆ ಏಳ್ತಿತ್ತು.

ಅಷ್ಟರಲ್ಲಿ ನಮ್ಮಮ್ಮ ಬ್ಲೀಚಿಂಗ್ ಪೌಡರ್ ಡಬ್ಬಿ ಹಿಡ್ಕೊಂಡು ಬಂತು, "ಇದೂ ಒಂಚೂರು ಉದುರ್ಸೋ, ಬೇಗ ಹೋಗ್ತದೆ" ಅಂತ. "ಬ್ಯಾಡ ಕಣಮ್ಮ, ಎರಡೂ ಸೇರಿದ್ರೆ ವಿಷದ ಗಾಳಿ ಬರುತ್ತೆ" ಅಂತ ಡಬ್ಬಿ ಕಿತ್ಕೊಂಡೆ. ತಮಾಷೆ ಅಲ್ಲ, ಯಾವ ಆಸಿಡ್ ಜೊತೆ ಬ್ಲೀಚ್ ಸೇರಿದ್ರೂ ಕ್ಲೋರಿನ್ ಬರುತ್ತೆ, ಮುಚ್ಚಿದ ಬಾತ್‌ರೂಮಲ್ಲಿ ಉಸಿರೇ ಕಟ್ಟಿಬಿಡುತ್ತೆ.

ಬೆಳಿಗ್ಗೆ ಬಟ್ಟೆ ತೆಗೆದು ಎಕ್ಸ್‌ಪೈರಿ ಆದ ಎಟಿಎಂ ಕಾರ್ಡಿನ ಅಂಚಲ್ಲಿ ಮೆಲ್ಲಗೆ ಕೆರೆದೆ, ದೋಸೆ ಕಾವಲಿಯಿಂದ ಚಕ್ಕೆ ಎದ್ದಂಗೆ ಎದ್ದು ಬಂತು. ಬಟ್ಟೆನ ಕಮೋಡಿಗೆ ಹಾಕಿ ಫ್ಲಶ್ ಮಾಡ್ಬೇಡಿ, ಕಟ್ಕೊಳ್ಳುತ್ತೆ. ಒಂದೇ ರಾತ್ರಿಗೆ ಪೂರ್ತಿ ಹೋಗ್ಲಿಲ್ಲ, ಮೂರು ರಾತ್ರಿ ಹಿಡೀತು.

ಬಳೆ ಹೋಯ್ತು, ಆದ್ರೆ ಆ ಕಂದು ಪಟ್ಟೆ ಹದಿನೈದೇ ದಿನಕ್ಕೆ ತಿರ್ಗಾ ಕಾಣ್ತು. ಅನುಮಾನ ಬಂದು ಫ್ಲಶ್ ಟ್ಯಾಂಕಿಗೆ ಒಂದು ಲೋಟ ಕಾಫಿ ಡಿಕಾಕ್ಷನ್ ಸುರಿದೆ, ಫ್ಲಶ್ ಮಾಡದೆ ಅರ್ಧ ಗಂಟೆ ಬಿಟ್ಟು ನೋಡಿದ್ರೆ ಕೆಳಗೆ ನೀರು ಕಾಫಿ ಬಣ್ಣಕ್ಕೆ ತಿರುಗಿತ್ತು. ವಾಷರ್ ಸವೆದು ಹಗಲು ರಾತ್ರಿ ಜಿನುಗ್ತಿದೆ! ಪ್ಲಂಬರ್ ಬಂದು ವಾಷರ್ ಬದಲಾಯಿಸಿದ ಮೇಲೆ ಪಟ್ಟೆ ಬರೋದು ನಿಂತಿದೆ. ಈಗ ಭಾನುವಾರ ರಾತ್ರಿ ಎರಡು ಚಮಚ ನಿಂಬೆ ಉಪ್ಪು ಹಾಕಿ ಮಲಗ್ತೀನಿ. ಸ್ಟೀಲ್ ಸ್ಕ್ರಬ್ಬರ್ ಗೀರು ಬಿದ್ದಿರೋ ಅಂಗೈ ಅಗಲದ ಜಾಗ ಮಾತ್ರ ಬುಧವಾರದ ಹೊತ್ತಿಗೇ ಹಳದಿ ತಿರುಗಿರುತ್ತೆ.